ದಿ ಲೇಟ್ ಸುಂದರ ಸರ್

"ತಲೆ ಸ್ವಲ್ಪ ಎತ್ತಿ ಹಿಡಿ ಮಾರಾಯ," ಎಂದ ನೆರೆಮನೆಯ ಕಿಟ್ಟ. ಲಕ್ಷಿತ್ ತನಗೆ ಕಲಿಸಿದ ಸುಂದರ ಮಾಸ್ಟ್ರ ತಲೆಯನ್ನು ಎತ್ತಿ ಹಿಡಿದ. ಪುಷ್ಪಾವತಿ ತೀರಿಹೋದ ಗಂಡನ ಬಾಯಿಗೆ ತುಳಸಿ ನೀರು ಬಿಟ್ಟರು. ನೀರು ಒಳಗೆ ಹೋಗದೆ ಕೆನ್ನೆಯ ಮೇಲೆ ಇಳಿಯಿತು.

ಇನ್ನಂಜೆ ಊರಿನ ಆ ಅಂಗಳದಲ್ಲಿ ನೆರೆದವರು ಹೆಚ್ಚಾಗಿ ಹಳೆಯ ವಿದ್ಯಾರ್ಥಿಗಳೇ. ಲಕ್ಷಿತ್ ಹಲಸಿನ ಮರದಡಿಗೆ ಬಂದು ಮೆಲ್ಲಗೆ ಹೇಳಿದ, "ನನ್ನನ್ನು 'ದಿ ಲಕ್ಷಿತ್, ಕಮ್ ಟು ದಿ ಬೋರ್ಡ್' ಅಂತ ಕರೆಯುತ್ತಿದ್ದರು. ಎಲ್ಲದಕ್ಕೂ ಒಂದು 'ದಿ' ಉಂಟು ಅವರಿಗೆ."

ಒಬ್ಬಿಬ್ಬರು ನಕ್ಕರು. ಪುಷ್ಪಾವತಿಯ ಕಿವಿಗೂ ಅದು ಬಿತ್ತು.

*

ಕನ್ನಡ ಶಾಲೆ ಇಂಗ್ಲಿಷ್ ಮೀಡಿಯಂ ಆದ ವರ್ಷ ಪೋಷಕರ ಸಭೆಯಲ್ಲಿ ಮಾಸ್ಟ್ರು ಎದ್ದು ನಿಂತು, "ಐ ಆಮ್ ದಿ ಸುಂದರ, ಫ್ರಮ್ ದಿ ಇನ್ನಂಜೆ," ಎಂದಿದ್ದರು. ಸಭೆ ನಕ್ಕಿತು. ಸ್ವಲ್ಪ ದಿನಗಳಲ್ಲೇ ಪಾಠಕ್ಕೆ ಫಿಯೋನಾ ಟೀಚರ್ ಬಂದರು. ಮಾಸ್ಟ್ರಿಗೆ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ.

ಅವರು ವ್ಯಾಕರಣದ ಪುಸ್ತಕ ತಂದು ಓದಿದರು. "ಸೂರ್ಯನ ಮುಂದೆ 'ದಿ' ಬೇಕಂತೆ, ಸುಂದರನ ಮುಂದೆ ಬೇಡವಂತೆ," ಎಂದರು ಒಂದು ಸಂಜೆ. "ಸೂರ್ಯ ಒಬ್ಬನೇ, ಅದಕ್ಕೆ. ನಾನೂ ಒಬ್ಬನೇ ಅಲ್ವಾ?"

"ನನಗೆಂತ ಗೊತ್ತು? ಶಾಲೆಯಲ್ಲೇ ಕೇಳಿ," ಎಂದಿದ್ದರು ಪುಷ್ಪಾವತಿ.

ಹೋದರು. ಈಗ ಕಲಿತಿದ್ದೇನೆ, ಒಂದು ತರಗತಿ ಕೊಟ್ಟು ನೋಡಿ ಎಂದು ಕೇಳಿಕೊಂಡರು. "ಇರಲಿ ಮಾಸ್ಟ್ರೇ, ಬಸ್ಸಿಗೂ ಜನ ಬೇಕಲ್ಲ," ಎಂದರು ಆಡಳಿತದವರು. ಅಂದಿನಿಂದ ಅವರ ಬಾಯಿಯಿಂದ ಇಂಗ್ಲಿಷ್ ಹೊರಡಲಿಲ್ಲ. ಮಕ್ಕಳು "ದಿ ಸರ್, ದಿ ಸರ್" ಎಂದು ಕೂಗುವಾಗ ಬಾಗಿಲ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದರು. ನಿವೃತ್ತಿಯ ತನಕವೂ ಹಾಗೆಯೇ.

*

ಬಿಸಿಲೇರುವಾಗ ಶಾಲೆಯಿಂದ ಹೂವಿನ ಚಕ್ರ ಬಂತು. ನಡುವೆ ಥರ್ಮಾಕೋಲಿನಲ್ಲಿ ಕತ್ತರಿಸಿದ ಇಂಗ್ಲಿಷ್ ಅಕ್ಷರಗಳು.

"ಎಂತ ಬರೆದದ್ದು?" ಪುಷ್ಪಾವತಿ ಕೇಳಿದರು.

"ದಿ ಲೇಟ್ ಸುಂದರ ಸರ್," ಲಕ್ಷಿತ್ ಓದಿದ.

"ಹೆಸರಿಗೆ 'ದಿ' ಹಾಕಬಾರದಲ್ಲ?"

ಲಕ್ಷಿತ್ ತಲೆ ತಗ್ಗಿಸಿದ. "ತೀರಿಹೋದವರಿಗೆ ಹಾಕಬಹುದು ಅಮ್ಮ. ಇದು ಸರಿ ಉಂಟು."

ಪುಷ್ಪಾವತಿ ಗಂಡನ ಮುಖ ನೋಡಿದರು. "ಅವರಿಗೆ ಯಾರು ಹೇಳುವುದು ಇನ್ನು?"



ಹೆಣ ಎತ್ತುವಾಗ ಕಿಟ್ಟ ಚಕ್ರವನ್ನು ತೆಗೆದ. "ಥರ್ಮಾಕೋಲ್ ಸುಟ್ಟರೆ ವಾಸನೆ ಬರ್ತದೆ," ಎಂದು ಬಾವಿಕಟ್ಟೆಗೆ ಒರಗಿಸಿದ. ಗಂಡಸರು ಗದ್ದೆಯ ಕಡೆ ಇಳಿದರು.

ಅಂಗಳ ಖಾಲಿಯಾದಾಗ ಕೋಳಿಗಳು ಬಂದು ಬಿಳಿಯ ಅಕ್ಷರಗಳನ್ನು ಕುಕ್ಕತೊಡಗಿದವು. ಪುಷ್ಪಾವತಿ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಓಡಿಸಲಿಲ್ಲ.