ಮೂರು ತಾಳಿನ ಕೂರಿಗೆ

ಮದುವೆಯಾದ ಹೊಸದರಲ್ಲಿ ಯರ್ರಿಸ್ವಾಮಿ ಹೆಂಡತಿ ಗಾದ್ರಮ್ಮನಿಗೆ ಒಂದು ಮಾತು ಕೊಟ್ಟಿದ್ದ: "ಮಂದಿ ಹೊಲದಾಗೆ ನೀನು ಬೀಜ ಬಿಟ್ಟಿದ್ದು ಸಾಕು. ನಮ್ಮ ಹೊಲದಾಗೆ, ನಮ್ಮ ಕೂರಿಗೆಗೇ ಬಿಡಿಸ್ತೀನಿ ನೋಡು." ಆಗ ಅವನಿಗೆ ಸ್ವಂತ ಹೊಲವೂ ಇರಲಿಲ್ಲ, ಬಿತ್ತುವ ಕೂರಿಗೆಯೂ ಇರಲಿಲ್ಲ. ಗಾದ್ರಮ್ಮ ನಕ್ಕಿದ್ದಳು. ಬಿತ್ತನೆ ಬಂತೆಂದರೆ ಜಗಳೂರು ಸುತ್ತಮುತ್ತ ಅವಳ ಕೈಗೆ ಬಲು ಬೇಡಿಕೆ. ಅವಳು ಕೂರಿಗೆಯ ಬಟ್ಟಲಿಗೆ ಬಿಟ್ಟ ಜೋಳ ಮೂರು ಕೊಳವೆಗೂ ಸಮನಾಗಿ ಇಳಿಯುತ್ತಿತ್ತು.

ಎಪ್ಪತ್ತೆಂಟನೇ ಇಸವಿಯಲ್ಲಿ, ಉಳುವವನೇ ಹೊಲದೊಡೆಯ ಎಂಬ ಕಾನೂನಿನಿಂದ, ಗೇಣಿಗೆ ಉಳುತ್ತಿದ್ದ ಎರಡೆಕರೆ ಅವನ ಹೆಸರಿಗೇ ಆಯಿತು. ಆ ಬೇಸಿಗೆಯಲ್ಲೇ ಊರಿನ ದೊಡ್ಡ ರೈತ ಷಣ್ಮುಖಪ್ಪನವರ ಹಿತ್ತಿಲಲ್ಲಿ, ಸೌದೆಯ ರಾಶಿಯ ಮೇಲೆ ಮುರಿದ ಕೂರಿಗೆಯೊಂದು ಕಂಡಿತು. "ಒಲೆಗೆ ಹಾಕ್ಕಳ್ಳಪ್ಪ, ಒಯ್ಯಿ" ಎಂದರು ಅವರು. ಯರ್ರಿಸ್ವಾಮಿ ಹೊತ್ತು ತಂದು ರಿಪೇರಿಗೆ ಕೂತ. ತಾಳುಗಳನ್ನು ಹಿಡಿದಿಡುವ ಅಡ್ಡಮರ, ಅಂದರೆ ದಿಂಡು, ಸೀಳಿಹೋಗಿತ್ತು; ಅದನ್ನು ತೆಗೆದು ಜಾಲಿ ಮರದಲ್ಲಿ ಹೊಸ ದಿಂಡು ಕೆತ್ತಿದ. ಹಳೆಯ ತೂತುಗಳ ಅಂತರವನ್ನು ಕಡ್ಡಿಯಲ್ಲಿ ಹಿಡಿದು, ಕೂದಲೆಳೆ ತಪ್ಪದಂತೆ ಕೊರೆದು, ನೆಲ ಸೀಳುವ ಮೂರು ತಾಳುಗಳನ್ನು ಕೂರಿಸಿದ. ಬಿದಿರಿನ ಹೊಸ ಕೊಳವೆ ಕಟ್ಟಿದ. ಬಟ್ಟಲಿನ ಬಿರುಕಿಗೆ ಅರಗು ತುಂಬಿ ತಂತಿ ಬಿಗಿದ.

ಮಳೆ ಬಿದ್ದು ಹೊಲ ಹದಕ್ಕೆ ಬಂತು. ಬಿತ್ತನೆಗೆ ಎರವಲು ಕೊಡಲು ತನ್ನ ಎತ್ತು ಹೊಡೆದುಕೊಂಡು ನೆರೆಮನೆಯ ಲಕ್ಷ್ಮಕ್ಕ ಬಂದಳು. ಪೂಜೆಗೆಂದು ಅಂಗಳದಲ್ಲಿ ಕೂರಿಗೆಯನ್ನಿಟ್ಟು, ಪಕ್ಕಕ್ಕೆ ಗಾದ್ರಮ್ಮನ ತವರಿನಿಂದ ಬಂದಿದ್ದ ಎಡೆಕುಂಟೆಯನ್ನೂ ಇಟ್ಟರು. ಪೈರಿನ ಸಾಲುಗಳ ನಡುವೆ ಕಳೆ ಕೊಯ್ಯುತ್ತ ಹೋಗುವುದು ಎಡೆಕುಂಟೆ. ಕುಂಕುಮ ಹಚ್ಚುತ್ತಿದ್ದ ಲಕ್ಷ್ಮಕ್ಕನ ಕೈ ತಡೆಯಿತು.

"ಯರ್ರಿಸ್ವಾಮಿ, ನಿನ್ ಕುಂಟೆ ಈ ಕೂರಿಗೆ ಸಾಲಿಗಿಂತ ಅಗಲ ಐತಲ್ಲೋ! ಇದ್ರಾಗೆ ಎಡೆ ಹೊಡೆದ್ರೆ ಕಳೆ ಜತಿಗೆ ಜೋಳನೂ ಕೊಯ್ಕಂಡು ಹೋಗ್ತೈತೆ. ಒಳ್ಳೇದಾತು ಬಿಡು, ಕುಯ್ಲಿಗೆ ಆಳೇ ಬ್ಯಾಡ!"

ಯರ್ರಿಸ್ವಾಮಿ ಗೇಣು ಹಾಕಿ ನೋಡಿದ. ನಿಜ. ಒಂದೊಂದು ಮನೆಯ ಕೂರಿಗೆಗೆ ಆ ಮನೆಯದೇ ಕುಂಟೆ. ಷಣ್ಮುಖಪ್ಪನವರ ಅಳತೆಗೆ ಗಾದ್ರಮ್ಮನ ತವರಿನ ಕುಂಟೆ ಎಲ್ಲಿ ಹೊಂದೀತು?

"ಕುಂಟೆ ಅಳತೆಗೆ ಇನ್ನೊಂದು ದಿಂಡು ಕೆತ್ತಬೇಕು. ಅಷ್ಟ್ರಾಗೆ ಹದ ಆರಿ ಹೋಗ್ತೈತೆ" ಎಂದ.

"ಇವತ್ತಿಗೆ ನಮ್ಮ ಕೂರಿಗೆ ತಗಂಡು ಹೋಗ್ರಿ, ಅದಕ್ಕೇನು" ಎಂದಳು ಲಕ್ಷ್ಮಕ್ಕ.

ಯರ್ರಿಸ್ವಾಮಿ ಹೆಂಡತಿಯ ಕಡೆ ನೋಡಲಾರದೆ ನೋಡಿದ. ಅವಳು ಆಗಲೇ ಮಡಿಲಿಗೆ ಬೀಜ ಕಟ್ಟಿಕೊಂಡು ನಿಂತಿದ್ದಳು.

"ಎಡೆ ಹೊಡೆಯೋದು ಪೈರು ಬಂದ ಮ್ಯಾಲಲ್ಲೇನ್ರೀ? ಬಿತ್ತಾಕೆ ಕುಂಟೆ ಯಾಕೆ ಬೇಕು? ಆಮ್ಯಾಲೆ ಕುಲುಮೆಗೆ ಒಯ್ದು ಅದನ್ನೇ ಸಣ್ಣದು ಮಾಡ್ಸಿದ್ರಾತು."

"ನಿಮ್ಮಪ್ಪ ಕೊಟ್ಟಿದ್ದು ಕಣೇ ಅದು."

"ನಮ್ಮಪ್ಪ ನನ್ನನ್ನೇ ಕೊಟ್ಟಾನಂತೆ, ಇನ್ನ ಕಬ್ಬಿಣ ಯಾವ ಲೆಕ್ಕ? ಎತ್ತು ಹೂಡ್ರಿ!"

ಲಕ್ಷ್ಮಕ್ಕ ನಕ್ಕ ನಗುವಿಗೆ ಕುಂಕುಮದ ಬಟ್ಟಲು ಕೈತಪ್ಪಿ, ಎತ್ತಿನ ಕಾಲೆಲ್ಲ ಕೆಂಪಾಯಿತು.

ಹೊಲದಲ್ಲಿ ಯರ್ರಿಸ್ವಾಮಿ ಎತ್ತು ಹೊಡೆಯುವುದು ಬಿಟ್ಟು ಹತ್ತು ಹೆಜ್ಜೆಗೊಮ್ಮೆ ತಿರುಗಿ ಕೊಳವೆ ನೋಡತೊಡಗಿದ.

"ಇಳೀತಾ ಐತೇನೇ?"

"ಇಳೀತೈತೆ, ಮುಂದೆ ನೋಡ್ರಿ! ಸಾಲು ಸೊಟ್ಟ ಆದ್ರೆ ಲಕ್ಷ್ಮಕ್ಕ ಊರ ತುಂಬ ಆಡ್ಕಂತಾಳೆ."

ಹೊತ್ತು ಮುಳುಗುವಷ್ಟರಲ್ಲಿ ಎರಡೆಕರೆಯೂ ಬಿತ್ತಿ ಮುಗಿಯಿತು. ಯರ್ರಿಸ್ವಾಮಿ ಕೊಟ್ಟ ಮಾತು ನಡೆಸಿದ.