ಕೈ ಹಿಡಿಯದ ಜಾಗ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವುದು ಅವಳ ಕಸುಬು. ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುವ ಪೇಂಟರ್. ಅವನು ಗೋಡೆ ಮುಗಿಸಿ ಇಳಿದ ಮನೆಗೆ ಇವಳು ಪರದೆ ತೂಗುಹಾಕಲು ಹತ್ತುತ್ತಿದ್ದದ್ದೂ ಉಂಟು. ಗಂಡಹೆಂಡಿರು ಸೇರಿ ಊರ ಮನೆಗಳಿಗೆಲ್ಲ ಬಟ್ಟೆ ತೊಡಿಸುತ್ತೀರಿ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಮೇಲ್ಮಹಡಿಯ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ನಿಲ್ಲಲು ಬೊಂಬು ಕಟ್ಟಿ ಮಾಡಿದ್ದ ಸಾರುವೆಯ ಹಲಗೆ ಜಾರಿ ಪೇಂಟರ್ ಕೆಳಗೆ ಬಿದ್ದ. ಜೀವ ಉಳಿದದ್ದೇ ದೊಡ್ಡದು. ಬೆನ್ನಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಎರಡೂ ಕಾಲುಗಳು ಇನ್ಯಾರದೋ ಕಾಲುಗಳ ಹಾಗೆ ಸುಮ್ಮನೆ ಬಿದ್ದುಕೊಂಡವು. ನರ ಕಡಿದಿಲ್ಲ, ಜಜ್ಜಿದೆ ಅಷ್ಟೆ. ಕಾಲಿನ ಶಕ್ತಿ ಎಷ್ಟು ವಾಪಸು ಬರುತ್ತದೆ ಎಂದು ಹೇಳಲಾರೆವು, ಬಂದರೆ ಬರುವುದು ವ್ಯಾಯಾಮದಿಂದಲೇ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು. ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳು ಕೆಲವು ವಾರ ಮನೆಗೇ ಬಂದು, ಯಾವ ಕಾಲು ಎಲ್ಲಿ ಹಿಡಿಯಬೇಕು, ಎಷ್ಟು ಮಡಚಬೇಕು ಎಂದು ತೋರಿಸಿಕೊಟ್ಟು, ಇನ್ನು ನೀವೇ ಮಾಡಿಸಿ ಅಕ್ಕ ಎಂದು ಹೊರಟಳು.

ಪರದೆಯಕ್ಕ ಅಂದಿನಿಂದ ಸೊಂಟ ಕಟ್ಟಿ ನಿಂತಳು. ಅಡುಗೆಮನೆಯಿಂದ ಮುಂದಿನ ಕೋಣೆಗೆ ಹೋಗುವ ಉದ್ದನೆಯ ಪ್ಯಾಸೇಜಿನ ಎರಡೂ ಗೋಡೆಗೆ, ಸಭಾಂಗಣದ ಭಾರಿ ಪರದೆಗಳಿಗೆ ಹಾಕುವ ಕಬ್ಬಿಣದ ಪೈಪುಗಳನ್ನು ತಾನೇ ಡ್ರಿಲ್ ಹಿಡಿದು ಕೂರಿಸಿದಳು. ದಪ್ಪ ಪರದೆ ಬಟ್ಟೆಯ ತುಂಡುಗಳಲ್ಲಿ ಉದ್ದುದ್ದ ಚೀಲ ಹೊಲಿದು ಮರಳು ತುಂಬಿದಳು. ಕಾಲಿಗೆ ಕಟ್ಟಲು ಒಂದು ಅಳತೆ, ಕೈಗೆ ಒಂದು ಅಳತೆ. ಮಂಚದ ಕಾಲಿಗೆ ಜಡೆ ಹೆಣೆದ ಬಟ್ಟೆಯ ಹಗ್ಗ ಬಿಗಿದಳು, ಅದನ್ನು ಹಿಡಿದು ಅವನು ತನ್ನಷ್ಟಕ್ಕೆ ಎದ್ದು ಕೂರಲಿ ಎಂದು. ಮೊದಮೊದಲು ಅವನಿಗೆ ಸಾಕುಬೇಕಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ನಾಳೆ ಮಾಡೋಣ ಕಣೇ ಎಂದರೆ, ನಾಳೆಯದು ಬೇರೆ ಇದೆ, ಇವತ್ತಿನದು ಇವತ್ತು ಮುಗಿಸಿ ಎನ್ನುತ್ತಿದ್ದಳು. ಬಯ್ಯುತ್ತಿರಲಿಲ್ಲ, ಮುದ್ದು ಮಾಡಿ ಪುಸಲಾಯಿಸುತ್ತಲೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು, ಬೆನ್ನ ಹಿಂದಿನ ಪ್ಯಾಸೇಜಿನಲ್ಲಿ ಅವನ ಪಾದ ಎಳೆದ ಸದ್ದು ಕೇಳಿಯೇ ಎಡಗಾಲು ಚೆನ್ನಾಗಿ ಬಂತು, ಬಲಗಾಲು ಮೋಸ ಮಾಡಿತು ಎಂದು ಹೇಳುವಷ್ಟು ಅವಳ ಕಿವಿ ಪಳಗಿತು. ಉಸಿರು ಬದಲಾದರೆ ಸಾಕು, ಹೊಲಿಯುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟು ಓಡಿಬಂದು ಕಂಕುಳಿಗೆ ಕೈ ಕೊಡುತ್ತಿದ್ದಳು. ಇಷ್ಟು ದಿನದಲ್ಲಿ ಅವನು ಒಮ್ಮೆಯೂ ನೆಲಕ್ಕೆ ಬಿದ್ದಿರಲಿಲ್ಲ. ಅದು ಅವಳ ಹೆಮ್ಮೆ.

ಹೀಗೆ ಮಲಗಿದ್ದವನು ಕೂತ, ಕೂತವನು ನಿಂತ, ನಿಂತವನು ಪೈಪು ಹಿಡಿದು ಪ್ಯಾಸೇಜಿನ ಈ ತುದಿಯಿಂದ ಆ ತುದಿಗೆ ನಡೆದ. ನೋಡಲು ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ವ್ಯಾಯಾಮದ ಹುಡುಗಿ ಒಮ್ಮೆ ಬಂದವಳು ಫೋಟೋ ತೆಗೆದುಕೊಂಡು ಹೋದಳು.

ಅಲ್ಲಿಗೆ ನಿಂತುಹೋಯಿತು. ಪ್ಯಾಸೇಜು ದಾಟಿ ಮುಂದಿನ ಕೋಣೆಗೆ ಕಾಲಿಡಲು ಅವನಿಂದ ಆಗಲಿಲ್ಲ. ಪೈಪು ಬಿಟ್ಟ ಕೂಡಲೇ ಮೊಣಕಾಲು ನಡುಗುವುದು, ಹೆಂಡತಿಯ ಕೈ ಬರುವುದು, ಮತ್ತೆ ಪೈಪು. ತಿಂಗಳುಗಳು ಉರುಳಿದವು. ಮೊದಲು ಕಾಲನ್ನೇ ಗೇಲಿ ಮಾಡುತ್ತ ನಡೆಯುತ್ತಿದ್ದವನು ಈಗ ಮಾತಿಲ್ಲದೆ ನಡೆದು, ಮಾತಿಲ್ಲದೆ ಮಲಗುತ್ತಿದ್ದ. ಪರದೆಯಕ್ಕನಿಗೆ ಒಳಗೊಳಗೇ ಸಮಾಧಾನವೇ ಇತ್ತು. ಕೈಬಿಟ್ಟೇ ಹೋಗುತ್ತಿದ್ದ ಮನುಷ್ಯ ಮನೆಯೊಳಗೆ ನಡೆದಾಡುತ್ತಿದ್ದಾನೆ, ಇದಕ್ಕಿಂತ ಹೆಚ್ಚಿನ ಆಸೆ ಯಾಕೆ ಎಂದುಕೊಳ್ಳುತ್ತಿದ್ದಳು.

ಅವಳಿಗೊಬ್ಬ ತಮ್ಮ. ಔಷಧಿ ಅಂಗಡಿಯಲ್ಲಿ ಕೆಲಸ, ಬಿಡುವಿನಲ್ಲೆಲ್ಲ ಜಿಮ್ಮು. ತೋಳು ಕಾಣುವಂಥ ಅಂಗಿಯನ್ನೇ ಹಾಕುತ್ತಿದ್ದ. ಜಿಮ್ಮೆಂದರೆ ಕನ್ನಡಿ ಮುಂದೆ ನಿಂತು ತನ್ನ ತೋಳನ್ನು ತಾನೇ ಮುದ್ದಾಡುವ ಜಾಗ ಎಂದು ಅಕ್ಕ ಮೂಗು ಮುರಿಯುತ್ತಿದ್ದಳು. ಮನೆಯಲ್ಲಿ ಬಕೆಟ್ಟು ಎತ್ತು, ಹಾಸಿಗೆ ಕೊಡವು, ಅದೇ ಜಿಮ್ಮು ಎನ್ನುತ್ತಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ. ಆ ತಮ್ಮ ಒಂದು ಸಂಜೆ ಬಂದು ತಲೆ ಕೆರೆದುಕೊಳ್ಳುತ್ತ, ನಾಳೆಯಿಂದ ಭಾವನನ್ನು ಜಿಮ್ಮಿಗೆ ಕರೆದುಕೊಂಡು ಹೋಗುತ್ತೇನೆ, ಕೋಚ್ ಹತ್ತಿರ ಮಾತಾಡಿದ್ದೇನೆ, ಡಾಕ್ಟರೂ ಒಪ್ಪಿದ್ದಾರೆ ಎಂದ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಇದೆಲ್ಲ ತಮ್ಮನ ತಲೆಹರಟೆ ಎಂದುಕೊಂಡು ಅವನ ಕಡೆ ತಿರುಗುವಷ್ಟರಲ್ಲಿ ಪೇಂಟರ್ ಮಂಚದಿಂದಲೇ, ಅವನನ್ನ ಬಯ್ಯಬೇಡ, ಕೇಳಿಕೊಂಡಿದ್ದು ನಾನೇ ಎಂದ. ಅವಳ ಮುಖ ಇಳಿದುಹೋಯಿತು. ಜಿಮ್ಮಿಗೆ ಹೋಗುವುದಕ್ಕಿಂತ, ತನಗೆ ಹೇಳದೆ ತಮ್ಮನಿಗೆ ಹೇಳಿದ್ದು ಅವಳನ್ನು ಚುಚ್ಚಿತು. ತಮ್ಮ ಜಾಣ, ಬಂದ ದಾರಿಯಲ್ಲೇ ಜಾಗ ಖಾಲಿ ಮಾಡಿದ.

"ಇಲ್ಲಿ ಏನು ಕಮ್ಮಿಯಾಗಿತ್ತು ಹೇಳಿ," ಎಂದಳು.

"ಕಮ್ಮಿ ಏನೂ ಆಗಿಲ್ಲ. ಒಂದು ಹೆಚ್ಚಾಗಿದೆ," ಎಂದ ಅವನು. "ನಾನು ಬೀಳೋಕೆ ಮುಂಚೆನೇ ನಿನ್ನ ಕೈ ಬಂದುಬಿಡುತ್ತೆ. ಈ ಕಾಲಿಗೆ ಅದು ಗೊತ್ತಾಗಿಹೋಗಿದೆ."

"ಹಾಗಾದ್ರೆ ನನ್ನ ಕೈಯೇ ತಪ್ಪಾಯ್ತಾ?"

"ಆ ಕೈ ಇಲ್ಲದಿದ್ರೆ ನಾನು ಇವತ್ತು ಈ ಮಂಚದ ಮೇಲೆ ಕೂತು ನಿನ್ನ ಜೊತೆ ವಾದ ಮಾಡ್ತಿರಲಿಲ್ಲ. ಆದ್ರೆ ನಾನು ಬಿದ್ದಿದ್ದು ಸಾರುವೆ ಮೇಲಿಂದ ಒಂದೇ ಸಲ. ಆಮೇಲೆ ಬಿದ್ದೇ ಇಲ್ಲ. ದಿನಾ ರಾತ್ರಿ ಕಣ್ಣು ಮುಚ್ಚಿದ್ರೆ ಅದೊಂದೇ ಬರುತ್ತೆ. ಬಿದ್ದು ಎದ್ದು ನೋಡಬೇಕು ಕಣೇ. ನೀನಿರೋ ಕಡೆ ಅದು ಆಗೋದಿಲ್ಲ."

ಅವಳು ಹೋಗಿ ಮಿಷನ್ನಿನ ಮುಂದೆ ಕೂತು ಒಂದು ಪರದೆಯ ಅಂಚು ಹೊಲಿದಳು. ಆಮೇಲೆ ನೋಡಿದರೆ ಒಳಭಾಗ ಹೊರಗಾಗಿತ್ತು. ಬಿಚ್ಚುತ್ತ ಕೂತಳು.

ಮರುದಿನ ತಮ್ಮ ಆಟೋ ತಂದು ಭಾವನನ್ನು ಕೂರಿಸಿಕೊಂಡಾಗ ಅವಳನ್ನು ಯಾರೂ ಕರೆಯಲಿಲ್ಲ, ಆದರೂ ಹೊರಟಳು. ಮರಳಿನ ಚೀಲಗಳನ್ನೂ ಹೆಗಲಿಗೆ ಹಾಕಿಕೊಂಡಳು. ಜಿಮ್ಮು ಹಳೆಯ ಗೋದಾಮಿನಲ್ಲಿತ್ತು. ರಬ್ಬರು ನೆಲ, ಬೆವರಿನ ವಾಸನೆ, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. ಅವಳು ಅಂದುಕೊಂಡಂತೆ ಕನ್ನಡಿ ಇತ್ತು, ಅದರ ಮುಂದೆ ಇಬ್ಬರು ಹುಡುಗರೂ ಇದ್ದರು. ಆದರೆ ಅವರ ಪಕ್ಕದಲ್ಲಿ ರಾತ್ರಿಪಾಳಿ ಮುಗಿಸಿ ಬಂದ ನರ್ಸೊಬ್ಬಳು ಆಕಳಿಸುತ್ತಲೇ ಭಾರ ಎತ್ತುತ್ತಿದ್ದಳು. ಮೈತುಂಬಿದ ಹುಡುಗಿಯೊಬ್ಬಳು ಕಂಬಿಗೆ ಜೋತುಬಿದ್ದು, ಗದ್ದ ಕಂಬಿಯ ಮೇಲೆ ಬಾರದೆ ಇಳಿದು, ಜಾರದಿರಲು ಕೈಗೆ ಪುಡಿ ಹಚ್ಚಿಕೊಂಡು ಮತ್ತೆ ಜೋತುಬೀಳುತ್ತಿದ್ದಳು. ಯಾರೂ ಅವಳನ್ನು ನೋಡಿ ನಗಲಿಲ್ಲ. ನಗಲು ಯಾರಿಗೂ ಪುರುಸೊತ್ತಿರಲಿಲ್ಲ.

ಕೋಚ್ ಹಿಂದೆ ಕುಸ್ತಿ ಆಡಿದ ಆಸಾಮಿ. ಕಿವಿಗಳು ಜಜ್ಜಿ ಚಪ್ಪಟೆಯಾಗಿದ್ದವು, ದನಿ ಮಾತ್ರ ಮೆತ್ತಗೆ. ಏನಾಯಿತು, ಹೇಗೆ ಬಿದ್ದಿರಿ ಎಂದು ಎಲ್ಲರೂ ಕೇಳುವುದನ್ನು ಅವನು ಕೇಳಲಿಲ್ಲ. ಏನೇನು ಮಾಡಬಲ್ಲಿರಿ ತೋರಿಸಿ ಎಂದ. ಪೇಂಟರ್ ಕಂಬಿ ಹಿಡಿದು ಕೂತು ಎದ್ದು ತೋರಿಸಿದ. ಕೋಚ್ ಅವನ ತೋಳು, ಭುಜ, ತೊಡೆ ಮುಟ್ಟಿ ನೋಡಿ, ಇಷ್ಟನ್ನು ಮನೆಯಲ್ಲಿ ಮಾಡಿಸಿದವರು ಯಾರು ಎಂದು ವಿಚಾರಿಸಿದ. ತಮ್ಮ, ಅಕ್ಕನ ಕಡೆ ಕೈ ತೋರಿಸಿದ. ಕೋಚ್ ಆ ಮರಳಿನ ಚೀಲವೊಂದನ್ನು ಕೈಯಲ್ಲಿ ತೂಗಿ, ಹೊಲಿಗೆಯನ್ನು ತಿರುವಿ ನೋಡಿ, ನನ್ನ ಹುಡುಗರಿಗೂ ಇಂಥದ್ದು ಬೇಕಲ್ಲ ಅಕ್ಕ ಎಂದ. ಅವಳ ಬಿಗಿದ ಮುಖ ಸ್ವಲ್ಪ ಸಡಿಲಾಯಿತು.

ಆದರೆ ಮುಂದಿನ ಮಾತು ಕೇಳಿ ಮತ್ತೆ ಬಿಗಿಯಿತು. "ಮೊದಲು ಬೀಳೋದು ಕಲಿಯೋಣ ಅಣ್ಣ," ಎಂದ ಕೋಚ್. "ನಡೆಯೋದು ಆಮೇಲೆ."

ದಪ್ಪ ಹಾಸಿನ ಮೇಲೆ ಶುರುವಾಯಿತು. ಗದ್ದ ಎದೆಗೆ ಒತ್ತುವುದು, ಕೈ ಊರದೆ ಮಗ್ಗುಲಿಗೆ ಉರುಳುವುದು, ಹೊಟ್ಟೆಯ ಮೇಲೆ ಬಂದು, ಮೊಣಕಾಲಿಗೆ ಬಂದು, ಸಿಕ್ಕಿದ್ದನ್ನು ಹಿಡಿದು ಏಳುವುದು. ಮೊದಲ ಸಲ ಕುರ್ಚಿಯಿಂದ ಹಾಸಿನ ಮೇಲೆ ಉರುಳುವಾಗ ಪೇಂಟರ್ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಪರದೆಯಕ್ಕ ಗೋಡೆ ಕಡೆ ತಿರುಗಿಕೊಂಡಳು. ವಾರಗಟ್ಟಲೆ ಅದೇ ಪಾಠ. ಅವಳೂ ದಿನಾ ಹೋಗುತ್ತಿದ್ದಳು, ಬಾಗಿಲ ಬಳಿಯ ಬೆಂಚಿನ ಮೇಲೆ ಪರದೆಯ ಕೊಕ್ಕೆ ಹೊಲಿಯುತ್ತ ಕೂರುತ್ತಿದ್ದಳು. ಒಮ್ಮೆ ಉರುಳುವಾಗ ಅವನು ಕಣ್ಣು ತೆರೆದೇ ಇದ್ದದ್ದನ್ನು ಅವಳು ಕಂಡಳು. ಅಂದು ರಾತ್ರಿ ಅವನು ನಿದ್ದೆಯಲ್ಲಿ ಬೆಚ್ಚಿಬೀಳಲಿಲ್ಲ.

ಒಂದು ದಿನ ಕೋಚ್ ಅವನನ್ನು ಹಾಸು ದಾಟಿ ಬರಿನೆಲಕ್ಕೆ ಕರೆದ. ಎದುರಿಗೆ ಭಾರದ ತಟ್ಟೆಗಳನ್ನು ಜೋಡಿಸಿಟ್ಟ ಸ್ಟ್ಯಾಂಡು. ಅಲ್ಲಿಯವರೆಗೆ ಏನೂ ಹಿಡಿಯದೆ ಬರಬೇಕು. ಪೇಂಟರ್ ಹೊರಟ. ಅರ್ಧ ದಾರಿ ಬಂದಿದ್ದಾನೆ, ಬಲಮೊಣಕಾಲು ಕೈಕೊಟ್ಟಿತು. ಧೊಪ್ಪೆಂದು ಬಿದ್ದ.

ಪರದೆಯಕ್ಕನ ಮಡಿಲಲ್ಲಿದ್ದ ಕೊಕ್ಕೆಗಳೆಲ್ಲ ನೆಲಕ್ಕೆ ಚೆಲ್ಲಿದವು. ಎದ್ದು ನಿಂತಿದ್ದಳು, ಕೈ ಆಗಲೇ ಮುಂದೆ ಹೋಗಿತ್ತು. ಕೋಚ್ ತಿರುಗಿ ಅವಳನ್ನು ನೋಡಿದ. ತಡೆಯಲಿಲ್ಲ, ಬೇಡ ಎನ್ನಲಿಲ್ಲ, ನೋಡಿದ ಅಷ್ಟೆ. ಪಕ್ಕದಲ್ಲಿ ಅವಳ ತಮ್ಮ ತುಟಿ ಕಚ್ಚಿಕೊಂಡು ನಿಂತಿದ್ದ. ತೋಳಿನ ದಿಮಾಕೆಲ್ಲ ಅವನ ಮುಖದಿಂದ ಇಳಿದುಹೋಗಿತ್ತು. ಅವಳು ನಿಂತಲ್ಲೇ ನಿಂತಳು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ಎತ್ತುವುದಾಗಿದ್ದರೆ ಎಷ್ಟೇ ಭಾರವಾದರೂ ಎತ್ತುತ್ತಿದ್ದಳು. ಎತ್ತದೇ ಇರಲು, ಮುಂದೆ ಹೋದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ಪೇಂಟರ್ ಸ್ವಲ್ಪ ಹೊತ್ತು ಮಿಸುಕಲಿಲ್ಲ. ಆಮೇಲೆ ಮಗ್ಗುಲಾದ. ಹೊಟ್ಟೆಗೆ ಬಂದ. ಮೊಣಕೈ ಊರಿ ತೆವಳಿದ. ಒಂದು ಮೊಣಕಾಲು ಮಡಚಿತು, ಇನ್ನೊಂದು ಮಾತು ಕೇಳಲಿಲ್ಲ. ಅದನ್ನು ಪ್ಯಾಂಟು ಹಿಡಿದೆಳೆದು ಜಾಗಕ್ಕೆ ತಂದ. ಸ್ಟ್ಯಾಂಡಿನ ಕೆಳಗಿನ ಸರಳು ಹಿಡಿದ, ಮೇಲಿನದು ಹಿಡಿದ. ಸುತ್ತಲೂ ಕಬ್ಬಿಣದ ಸದ್ದು ಎಂದಿನಂತೆ ನಡೆದೇ ಇತ್ತು. ನರ್ಸು ಮಾತ್ರ ತನ್ನ ಬಾಟಲಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಅವನಿಗೆ ಜಾಗ ಬಿಟ್ಟಳು. ಆ ತೋಳುಗಳು, ಬಟ್ಟೆಯ ಹಗ್ಗ ಹಿಡಿದು ಎಳೆದು ಎಳೆದು ಗಟ್ಟಿಯಾದ ಆ ತೋಳುಗಳು, ಇಡೀ ಮೈಯನ್ನು ಮೇಲಕ್ಕೆ ತಂದು ನಿಲ್ಲಿಸಿದವು. ನಿಂತ ಮೇಲೆ ಅವನು ಹಣೆಯ ಬೆವರು ಒರೆಸಿಕೊಂಡು, ಬಿದ್ದ ಜಾಗವನ್ನು ಒಮ್ಮೆ ತಿರುಗಿ ನೋಡಿದ. ಮದುವೆಯಾದ ಹೊಸದರಲ್ಲಿ, ಎತ್ತರದ ಗೋಡೆಯೊಂದನ್ನು ಮುಗಿಸಿ ಕೆಳಗಿಳಿದು ನಿಂತು ಅವನು ಹೀಗೇ ನೋಡುತ್ತಿದ್ದದ್ದು ಅವಳಿಗೆ ನೆನಪಾಯಿತು. ಆ ಮುಖವನ್ನು ಅವಳು ಮರೆತೇಬಿಟ್ಟಿದ್ದಳು.

ಕೋಚ್ ಬಂದು ನೆಲದ ಕೊಕ್ಕೆಗಳನ್ನು ಹೆಕ್ಕಿ ಅವಳ ಕೈಗೆ ಕೊಟ್ಟ. "ಎದ್ದಿದ್ದು ಇಲ್ಲಿ, ಅಕ್ಕ. ಏಳೋ ಶಕ್ತಿ ನಿಮ್ಮ ಮನೇಲಿ ಬಂದಿದ್ದು," ಎಂದ. ಅವಳು ತಲೆಯಾಡಿಸಿದಳು.

ಆಮೇಲೆ ಅವಳು ಜಿಮ್ಮಿಗೆ ಹೋಗುವುದನ್ನು ಬಿಟ್ಟಳು. ಮುನಿಸಿನಿಂದಲ್ಲ. ಬೆಳಿಗ್ಗೆ ಅವನು ತಮ್ಮನ ಜೊತೆ ಅಲ್ಲಿ ಬೀಳುವುದು ಏಳುವುದು ಮಾಡಿಬರಲಿ, ಸಂಜೆ ಪ್ಯಾಸೇಜಿನ ಪಾಠ ತನ್ನದು ಎಂದು ತಾನೇ ಹಂಚಿಕೊಟ್ಟಳು. ಸಂಜೆಯೂ ಈಗ ಮಿಷನ್ನಿನಿಂದ ಏಳುತ್ತಿರಲಿಲ್ಲ. ಉಸಿರು ಬದಲಾದದ್ದು ಕೇಳಿಸುತ್ತಿತ್ತು, ಪಾದ ತಡವರಿಸಿದ್ದು ಕೇಳಿಸುತ್ತಿತ್ತು. ಅವಳು ಹಲ್ಲು ಕಚ್ಚಿ ಹೊಲಿಗೆ ಮುಂದುವರಿಸುತ್ತಿದ್ದಳು. ಒಂದು ಸಂಜೆ ಅವನು ಪ್ಯಾಸೇಜು ದಾಟಿ, ಏನೂ ಹಿಡಿಯದೆ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಅವನು ಅವಳ ಭುಜದ ಮೇಲೆ ಕೈಯಿಟ್ಟ. ಆಸರೆಗೆ ಇಟ್ಟ ಕೈಯಲ್ಲ ಅದು, ಹಗುರವಾಗಿತ್ತು.

ಪೇಂಟರ್ ಮತ್ತೆ ಸಾರುವೆ ಹತ್ತಲಿಲ್ಲ. ಬಲಗಾಲು ಇವತ್ತಿಗೂ ಸ್ವಲ್ಪ ಎಳೆಯುತ್ತದೆ, ಕೈಯಲ್ಲಿ ಕೋಲಿರುತ್ತದೆ. ಆದರೆ ಮುಂದಿನ ವರ್ಷ ಅವನು ಕೆಲಸಕ್ಕೆ ಮರಳಿದ. ಮೊದಲ ಕೆಲಸ ಒಂದು ಶಾಲೆಯ ಉದ್ದನೆಯ ಕಾರಿಡಾರು. ಮೇಲಿನ ಭಾಗವನ್ನು ಜೊತೆಗಾರ ಏಣಿ ಹಾಕಿ ಹೊಡೆದ, ಕೈಗೆ ಎಟಕುವಷ್ಟೂ ಇವನದು. ಮಧ್ಯಾಹ್ನ ಪರದೆಯಕ್ಕ ಊಟದ ಡಬ್ಬಿ ಹಿಡಿದು ಹೋದಾಗ, ಅವನು ಕೋಲನ್ನು ಗೋಡೆಗೊರಗಿಸಿಟ್ಟು, ಎರಡೂ ಕಾಲ ಮೇಲೆ ನಿಂತು, ರೋಲರನ್ನು ಒಂದೇ ಹದದಲ್ಲಿ ಮೇಲೆ ಕೆಳಗೆ ಆಡಿಸುತ್ತಿದ್ದ. ಕೆನೆಬಣ್ಣ ಒಂದು ಗೆರೆಯೂ ಏರುಪೇರಿಲ್ಲದೆ ಗೋಡೆಗೆ ಹರಡುತ್ತಿತ್ತು. ಅವಳು ಕರೆಯಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು, ಆ ಗೋಡೆ ಮುಗಿಯುವವರೆಗೂ ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿದಳು.