ಬಾಲ್ಕನಿಯ ಬೇಟೆನಾಯಿ

ಕೇರಳದ ತ್ರಿಪ್ಪುಣಿತ್ತುರದ ಫ್ಲ್ಯಾಟಿನಲ್ಲಿ ಸೋಫಾ ಮತ್ತೆ ಹರಿದಿತ್ತು. ಬಾಲ್ಕನಿಯಲ್ಲಿ ಕಟ್ಟಿದ್ದ ಹಗ್ಗ ಕಡಿದುಕೊಂಡು ಬಂದ ಮುಧೋಳ ನಾಯಿ ಚೆನ್ನ, ಹತ್ತಿಯ ರಾಶಿಯ ನಡುವೆ ಏದುಸಿರು ಬಿಡುತ್ತ ನಿಂತಿತ್ತು. ಆಗಷ್ಟೇ ಬ್ಯಾಂಕಿನಿಂದ ಬಂದ ಧನಶ್ರೀಗೆ ಮೈಯೆಲ್ಲ ಉರಿಯಿತು. ನಾಯಿಯ ಮೇಲಲ್ಲ, ಅದನ್ನು ಮತ್ತೆ ಕಟ್ಟಲು ಸರಪಳಿ ಹಿಡಿದು ನಿಂತಿದ್ದ ಗಂಡ ಶ್ರೀಹರಿಯ ಮೇಲೆ. ಊರಿನಿಂದ ಹಟ ಹಿಡಿದು ಮರಿ ತಂದವನು ಅವನೇ. ಫೋಟೊ ತೆಗೆದು ಊರಿನ ಗೆಳೆಯರಿಗೆ ಕಳಿಸಿದ್ದಷ್ಟೇ ಅವನು ಮಾಡಿದ ಆರೈಕೆ.

ಅಷ್ಟರಲ್ಲಿ ಎದುರು ಮನೆಯ ಹಿರಿಯಾಕೆ ಶಾಂತಾ ಚೇಚಿ ಅನ್ನ, ಮೀನು ಕಲಸಿದ ಬಟ್ಟಲು ತಂದರು. "ಪಾವಂ, ಪಾಪ! ಎಲುಬೆಲ್ಲ ಕಾಣುತ್ತಿದೆ. ಹೊಟ್ಟೆಗೆ ಹಾಕುವುದಿಲ್ಲವೇ?" ಎಂದು ಮಲಯಾಳದಲ್ಲೇ ಗದರಿ, ಬಟ್ಟಲು ಇಟ್ಟು ಹೋದರು.

ಬಾಗಿಲು ಮುಚ್ಚಿದ್ದೇ ತಡ, ಶ್ರೀಹರಿ ಸಿಡಿದ. "ನಮ್ಮೂರ ತಳಿ ಬಗ್ಗೆ ಇವರಿಗೇನ್ ಗೊತ್ತೈತಿ? ಎಲುಬು ಕಂಡ್ರನ ಈ ನಾಯಿ ಚೆಂದ. ಬೊಜ್ಜು ಬಂದ್ರ ಓಡೂದು ಹ್ಯಾಂಗ?"

"ಓಡೂದಾ?" ಧನಶ್ರೀ ಅವನ ಕೈಯಿಂದ ಸರಪಳಿ ಕಸಿದುಕೊಂಡಳು. "ತಂದಾಗಿಂದ ಒಂದು ದಿನರ ಮೈದಾನಕ್ಕ ಕರಕೊಂಡು ಹೋಗೀರೇನು?"

"ಆಫೀಸು ಮುಗಿಸಿ ಸಾಕಾಗಿರ್ತೈತಿ, ನಾಳೆ ನೋಡೂಣು."

ಚೆನ್ನ ಆಗಲೇ ಬಾಗಿಲನ್ನು ಕೆರೆಯುತ್ತಿತ್ತು. ಧನಶ್ರೀ ಸರಪಳಿಯನ್ನು ಅದರ ಕೊರಳಪಟ್ಟಿಗೆ ಸಿಕ್ಕಿಸಿ ಬಾಗಿಲು ತೆರೆದು, ಹೊಸ್ತಿಲಲ್ಲೇ ತಿರುಗಿ ನಿಂತಳು.

"ಎಲುಬು ತೋರಿಸಿ ಊರ ಹೆಸರು ಹೇಳ್ತೀರಿ. ಅದಕ್ಕ ನಾಕು ಕಾಲೂ ಅದಾವ್ರಿ!"